ಕೊನೆಯ ಏಳೂವರೆ ಕಿಲೋಮೀಟರ್

ರಾತ್ರಿ ಒಂಬತ್ತರ ಮೇಲೆ ಕಲಾಸಿಪಾಳ್ಯಕ್ಕೆ ಹೋದರೆ ಕರಾವಳಿಯ ಊರುಗಳೆಲ್ಲ ತಾವಾಗಿಯೇ ಬಾಯಿಪಾಠವಾಗುತ್ತವೆ. ಒಬ್ಬ ‘ಮಂಗ್ಳೂರ್, ಉಡುಪಿ, ಕುಂದಾಪುರ’ ಎಂದು ಕೂಗಿದರೆ ಪಕ್ಕದವನು ‘ಭಟ್ಕಳ, ಕುಮಟಾ, ಕಾರವಾರ’ ಎನ್ನುತ್ತಾನೆ. ಟ್ರಾನ್ಸ್‌ಪೋರ್ಟ್ ಕಚೇರಿಗಳ ಮುಂದೆ ಗೋಣಿಯಲ್ಲಿ ಹೊಲಿದ ಗಂಟುಗಳು, ರಟ್ಟಿನ ಪೆಟ್ಟಿಗೆಗಳು, ಹಮಾಲರ ಬೆನ್ನು, ಗುಮಾಸ್ತರ ರಸೀದಿ ಪುಸ್ತಕ. ಬೆಂಗಳೂರಿಗೆ ಸಮುದ್ರವಿಲ್ಲ ನಿಜ. ಆದರೆ ಘಟ್ಟದ ಕೆಳಗಿನ ಜನರೂ ಸರಕೂ ಬಂದು ಇಳಿಯುವ, ಇಲ್ಲಿಂದ ಹೊರಡುವ ಜಾಗ ಒಂದಿದ್ದರೆ ಅದು ಇದೇ.

ಅಲ್ಲಿ ಗುರುಗುಟ್ಟುತ್ತ ನಿಂತ ಬಸ್ಸು-ಲಾರಿಗಳ ಟ್ಯಾಂಕಿನಲ್ಲಿರುವ ಡೀಸೆಲ್ ಎಲ್ಲಿಂದ ಬರುತ್ತದೆ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರದಿಂದ ಹಾಸನದ ಮೂಲಕ ಬೆಂಗಳೂರಿನ ಹೊರವಲಯದ ದೇವನಗೊಂದಿಯವರೆಗೆ 362 ಕಿ.ಮೀ. ಉದ್ದದ ಕೊಳವೆ ನೆಲದಡಿಯಲ್ಲಿ ಮಲಗಿದೆ. 2003ರಿಂದ ಅದು ಸದ್ದಿಲ್ಲದೆ ಪೆಟ್ರೋಲು, ಡೀಸೆಲ್ಲನ್ನು ಘಟ್ಟ ಹತ್ತಿಸುತ್ತಿದೆ. ಸಂಸ್ಕರಣಾಗಾರಕ್ಕೆ ಬೇಕಾದ ಕಚ್ಚಾತೈಲ ಬರುವುದು ಹಡಗಿನಲ್ಲಿ. ಅಡುಗೆ ಅನಿಲ, ತಾಳೆ ಎಣ್ಣೆ, ರಸಗೊಬ್ಬರ, ಆಫ್ರಿಕಾದ ಕಚ್ಚಾ ಗೋಡಂಬಿ, ಎಲ್ಲವೂ ಹಾಗೆಯೇ. ಚಿಕ್ಕಮಗಳೂರು, ಕೊಡಗಿನ ಕಾಫಿ ಕಂಟೇನರಿನಲ್ಲಿ ಹೊರಗೆ ಹೋಗುವುದೂ ಅದೇ ಬಾಗಿಲಿನಿಂದ, ಮಂಗಳೂರಿನ ಪಣಂಬೂರಿನಲ್ಲಿರುವ ನವ ಮಂಗಳೂರು ಬಂದರಿನಿಂದ.

ಆ ಬಾಗಿಲಿನೊಳಗೆ ಹಡಗನ್ನು ತರುವವರು ಯಾರು? ಬೆಂಗಳೂರಿನಲ್ಲಿ ಹತ್ತು ಜನರನ್ನು ಕೇಳಿದರೆ ಹತ್ತೂ ಮಂದಿ ‘ಕ್ಯಾಪ್ಟನ್’ ಎಂದಾರು. ‘ಪೈಲಟ್’ ಎಂದರೆ ಈ ಊರಿನವರ ಕಣ್ಣು ಎಚ್‌ಎಎಲ್ ಕಡೆಗೋ ದೇವನಹಳ್ಳಿ ಕಡೆಗೋ ಹೊರಳುತ್ತದೆ. ಆಕಾಶದ ಪೈಲಟ್ ಹುಟ್ಟುವುದಕ್ಕೆ ಶತಮಾನಗಳ ಮೊದಲೇ ನೀರಿನ ಮೇಲೆ ಪೈಲಟ್ ಇದ್ದ. ಇವತ್ತೂ ನವ ಮಂಗಳೂರು ಬಂದರಿಗೆ ಬರುವ ದೊಡ್ಡ ಹಡಗಿನ ಕಪ್ತಾನ ಎಷ್ಟೇ ಅನುಭವಿಯಾಗಿರಲಿ, ಏಳು ಸಮುದ್ರ ದಾಟಿ ಬಂದವನಾಗಿರಲಿ, ಬಂದರಿನ ಹೊರಗೆ ಹಡಗು ನಿಧಾನಿಸಿ ಕಾಯಬೇಕು. ಬಂದರಿನ ಪೈಲಟ್ ಹತ್ತಿ ಬಂದಮೇಲೆಯೇ ಮುಂದಿನ ಮಾತು.

ಕಾರಣ ಸರಳ. ಕಪ್ತಾನನಿಗೆ ಸಮುದ್ರ ಗೊತ್ತು, ಈ ಜಾಗ ಗೊತ್ತಿಲ್ಲ. ಅವನು ಕಳೆದ ವಾರ ಬಸ್ರಾದಲ್ಲಿದ್ದ, ಮುಂದಿನ ವಾರ ಇನ್ನೆಲ್ಲೋ ಇರುತ್ತಾನೆ. ಪಣಂಬೂರಿನಲ್ಲಿ ಮಳೆಗಾಲ ಕಳೆದ ಮೇಲೆ ಹೂಳು ಎಲ್ಲಿ ಕೂತಿದೆ, ತೆಂಕಣ ಗಾಳಿ ಬೀಸಿದಾಗ ಅಲೆತಡೆಯ ಬಾಯಲ್ಲಿ ನೀರು ಯಾವ ಕಡೆಗೆ ಎಳೆಯುತ್ತದೆ, ಹಡಗನ್ನು ಎಳೆದು ತಳ್ಳುವ ಟಗ್ ದೋಣಿಗಳಲ್ಲಿ ಇವತ್ತು ಯಾವುದು ರಿಪೇರಿಗೆ ನಿಂತಿದೆ, ಪಕ್ಕದ ಬರ್ತಿನಲ್ಲಿ ಅನಿಲದ ಹಡಗಿದೆಯೋ ಕಲ್ಲಿದ್ದಲಿನ ಹಡಗಿದೆಯೋ, ಇದೆಲ್ಲ ನಕ್ಷೆಯಲ್ಲಿ ಬರೆದಿರುವುದಿಲ್ಲ. ಅಲ್ಲೇ ಇದ್ದು, ಅಲ್ಲೇ ದಿನವೂ ಹಡಗು ತಂದು ನಿಲ್ಲಿಸುವವನಿಗೆ ಮಾತ್ರ ಅದು ತಿಳಿಯುತ್ತದೆ.

ಕಲಾಸಿಪಾಳ್ಯದ ಇಕ್ಕಟ್ಟಿನಲ್ಲಿ ಬಸ್ಸು ರಿವರ್ಸ್ ತೆಗೆಯುವುದನ್ನು ನೋಡಿದವರಿಗೆ ಪೈಲಟ್ ಕೆಲಸದ ಅರ್ಧ ತಿಳಿದಂತೆಯೇ. ಕ್ಲೀನರ್ ಹುಡುಗ ಹಿಂದೆ ನಿಂತು ಬಸ್ಸಿನ ಮೈ ತಟ್ಟುತ್ತ ‘ಬರ್ಲಿ, ಬರ್ಲಿ, ಲೆಫ್ಟ್ ಒಡಿ ಅಣ್ಣಾ, ಹೋಲ್ಡಾನ್’ ಎನ್ನುತ್ತಾನೆ. ಸ್ಟೀರಿಂಗ್ ಅವನ ಕೈಯಲ್ಲಿಲ್ಲ. ಡ್ರೈವರ್ ಅವನಿಗಿಂತ ಇಪ್ಪತ್ತು ವರ್ಷ ಹಿರಿಯ. ಆದರೂ ಆ ಅರೆ ನಿಮಿಷ ಬಸ್ಸು ಓಡುವುದು ಹುಡುಗನ ದನಿಯ ಮೇಲೆ. ಬಂದರಿನ ಪೈಲಟ್ ಕೂಡ ಚುಕ್ಕಾಣಿ ಮುಟ್ಟುವುದಿಲ್ಲ. ಅವರು ಹಡಗು ನಡೆಸುವ ಕೋಣೆಯಾದ ಬ್ರಿಡ್ಜಿನಲ್ಲಿ ನಿಂತು ಹೇಳುತ್ತಾರೆ, ಚುಕ್ಕಾಣಿ ಹಿಡಿದ ನಾವಿಕ ಅದನ್ನೇ ಮರುನುಡಿದು ತಿರುಗಿಸುತ್ತಾನೆ. ಹೋಲಿಕೆ ಅಲ್ಲಿಗೆ ಮುಗಿಯಿತು. ಬಸ್ಸಿಗೆ ಬ್ರೇಕ್ ಇದೆ, ಹಡಗಿಗೆ ಇಲ್ಲ. ಲಕ್ಷ ಟನ್ ಹೊತ್ತ ತೈಲದ ಹಡಗು ಪೂರ್ತಿ ವೇಗದಲ್ಲಿದ್ದಾಗ ಎಂಜಿನ್ ಹಿಮ್ಮುಖ ಮಾಡಿದರೂ ನಿಲ್ಲಲು ಕೆಲವು ಕಿಲೋಮೀಟರ್ ಬೇಕು.

ಹಗ್ಗದ ಏಣಿ

ಪೈಲಟ್ ಕೆಲಸದಲ್ಲಿ ಅತಿ ಅಪಾಯದ ಭಾಗ ಹಡಗು ನಡೆಸುವುದಲ್ಲ, ಹಡಗು ಹತ್ತುವುದು. ಇದು ಹೊರಗಿನವರಿಗೆ ತಮಾಷೆಯಾಗಿ ಕಾಣುತ್ತದೆ. ಜಗತ್ತಿನ ಸರಕು ಸಾಗಣೆ ಉಪಗ್ರಹದ ಕಣ್ಗಾವಲಿನಲ್ಲಿ ನಡೆಯುವ ಈ ಕಾಲದಲ್ಲೂ ಪೈಲಟ್ ಹಡಗೇರುವುದು ಮನಿಲಾ ಹಗ್ಗಕ್ಕೆ ಮರದ ಮೆಟ್ಟಿಲು ಕಟ್ಟಿದ ಏಣಿಯಿಂದ. ಹಡಗು ನಿಂತಿರುವುದೂ ಇಲ್ಲ. ನಿಂತರೆ ಅಲೆಗೆ ಅಡ್ಡಾದಿಡ್ಡಿ ಹೊರಳಾಡುತ್ತದೆ. ಹಾಗಾಗಿ ನಿಧಾನಕ್ಕೆ ಸಾಗುತ್ತಲೇ, ಗಾಳಿ-ಅಲೆಗೆ ಒಂದು ಮಗ್ಗುಲು ಒಡ್ಡಿ, ಇನ್ನೊಂದು ಪಕ್ಕದಲ್ಲಿ ತುಸು ಶಾಂತವಾದ ನೀರನ್ನು ಒದಗಿಸುತ್ತದೆ. ಆ ಶಾಂತ ಪಕ್ಕಕ್ಕೆ ಪೈಲಟ್ ಅನ್ನು ಕರೆತರುವ ಲಾಂಚ್ ದೋಣಿ ಬಂದು ಅಂಟಿಕೊಂಡಂತೆ ಓಡುತ್ತದೆ.

ಲಾಂಚ್ ಅಲೆಯ ಮೇಲೆ ಏರುತ್ತದೆ, ಇಳಿಯುತ್ತದೆ. ಏಣಿ ಹಿಡಿಯಬೇಕಾದುದು ಲಾಂಚ್ ಅಲೆಯ ನೆತ್ತಿಗೆ ಬಂದ ಕ್ಷಣದಲ್ಲಿ. ಕೆಳಗಿದ್ದಾಗ ಹಿಡಿದರೆ ಮುಂದಿನ ಅಲೆಗೆ ದೋಣಿ ಮೇಲೆದ್ದು ಕಾಲನ್ನು ಹಡಗಿನ ಉಕ್ಕಿಗೆ ಜಜ್ಜುತ್ತದೆ. ಹಿಡಿದ ಮೇಲೆ ಎರಡು-ಮೂರು ಮೆಟ್ಟಿಲು ಬೇಗ ಏರಿಬಿಡಬೇಕು, ದೋಣಿ ದೂರ ಸರಿಯಬೇಕು. ಏಣಿಯ ಏರು ನೀರಿನಿಂದ 9 ಮೀಟರಿಗಿಂತ ಹೆಚ್ಚಿರಬಾರದು ಎಂಬುದು ಅಂತಾರಾಷ್ಟ್ರೀಯ ನಿಯಮ. ಅದಕ್ಕಿಂತ ಎತ್ತರದ ಹಡಗಾದರೆ ಹಗ್ಗದ ಏಣಿಯ ಜೊತೆಗೆ ಓರೆಯಾದ ಲೋಹದ ಮೆಟ್ಟಿಲನ್ನೂ ಇಳಿಬಿಡಬೇಕು. ನಿಯಮವಿದೆ, ಸರಿ. ಏಣಿ ಕಟ್ಟುವುದು ಮಾತ್ರ ದಣಿದ, ನಿದ್ದೆಗೆಟ್ಟ ಹಡಗಿನ ಕೆಲಸಗಾರ. ಹಳೆಯ ಹಗ್ಗ, ಓರೆಯಾದ ಮೆಟ್ಟಿಲು, ಸರಿಯಾಗಿ ಬಿಗಿಯದ ಗಂಟು ಇವೆಲ್ಲ ಜಗತ್ತಿನಾದ್ಯಂತ ಪೈಲಟ್‌ಗಳ ನಿತ್ಯದ ದೂರು. 2019ರ ಡಿಸೆಂಬರ್ 30ರಂದು ನ್ಯೂಯಾರ್ಕ್ ಬಂದರಿನ ಅನುಭವಿ ಪೈಲಟ್ ಒಬ್ಬರು ಹೀಗೆ ಹಡಗೇರುವಾಗಲೇ ಬಿದ್ದು ತೀರಿಕೊಂಡರು. ಅಮೆರಿಕದಂಥ ದೇಶದ, ಅಂಥ ದೊಡ್ಡ ಬಂದರಿನ ಕತೆ ಇದು.

ಇನ್ನು ನಮ್ಮ ಕಡಲು. ಜೂನ್ ಬಂತೆಂದರೆ ಮೀನುಗಾರಿಕೆಗೆ ರಜೆ. ಯಾಂತ್ರೀಕೃತ ದೋಣಿಗಳು ಜುಲೈ ಕೊನೆಯವರೆಗೆ ದಕ್ಕೆಯಲ್ಲಿ ಸಾಲಾಗಿ ಕಟ್ಟಿಕೊಂಡು ಮಲಗುತ್ತವೆ. ಹಡಗುಗಳಿಗೆ ಆ ರಜೆ ಇಲ್ಲ. ಸಂಸ್ಕರಣಾಗಾರಕ್ಕೆ ತೈಲ ಬರಲೇಬೇಕು, ಅಡುಗೆ ಅನಿಲ ಇಳಿಯಲೇಬೇಕು. ಆಷಾಢದ ಮಳೆ ಅಡ್ಡಡ್ಡ ಹೊಡೆಯುವಾಗ, ಎದುರಿನ ಹಡಗು ಬರೀ ಒಂದು ಬೂದು ಗೋಡೆಯಾಗಿ ಕಾಣುವಾಗ, ಸಣ್ಣ ಲಾಂಚಿನಲ್ಲಿ ಹೊರಗೆ ಹೋಗಿ ಆ ಗೋಡೆ ಹತ್ತುವವರನ್ನು ನಾವು ಪಟ್ಟಣದವರು ಒಂದು ಸಲವಾದರೂ ನೆನೆಯಬೇಕು.

ಬ್ರಿಡ್ಜಿನ ಮೇಲೆ

ಏಣಿ ಹತ್ತಿ, ಎಂಟು-ಹತ್ತು ಅಂತಸ್ತಿನ ಮೆಟ್ಟಿಲೇರಿ ಪೈಲಟ್ ಬ್ರಿಡ್ಜಿಗೆ ಬಂದ ಕೂಡಲೇ ಹಡಗಿನ ಮೇಲೆ ಅರ್ಧ ಬಿಳಿ, ಅರ್ಧ ಕೆಂಪಿನ ಬಾವುಟ ಏರುತ್ತದೆ. ‘ಪೈಲಟ್ ಒಳಗಿದ್ದಾರೆ’ ಎಂದು ಅದರ ಅರ್ಥ. ಪೈಲಟ್ ಇನ್ನೂ ಬೇಕಿದ್ದರೆ ಹಳದಿ-ನೀಲಿ ಪಟ್ಟೆಯ ಬಾವುಟ. ವಿಎಚ್‌ಎಫ್ ರೇಡಿಯೋದಲ್ಲಿ ಎಲ್ಲವೂ ಮೊದಲೇ ಮಾತಾಗಿರುತ್ತದೆ, ಆದರೂ ಬಾವುಟದ ಭಾಷೆಯನ್ನು ಕಡಲು ಬಿಟ್ಟುಕೊಟ್ಟಿಲ್ಲ. ಒಂದು ಲೋಟ ಕಾಫಿ ಬರುತ್ತದೆ. ಅದನ್ನು ಹೀರುತ್ತಲೇ ಕಪ್ತಾನ-ಪೈಲಟ್ ಕಾಗದ ಬಿಚ್ಚುತ್ತಾರೆ. ಹಡಗಿನ ಉದ್ದ ಎಷ್ಟು, ನೀರಿನೊಳಗೆ ಎಷ್ಟು ಮುಳುಗಿದೆ, ಎಂಜಿನ್ ಹಿಮ್ಮುಖಕ್ಕೆ ಎಷ್ಟು ಹೊತ್ತಿನಲ್ಲಿ ಓಗೊಡುತ್ತದೆ, ಲಂಗರು ಸಿದ್ಧವಿದೆಯೇ, ಏನಾದರೂ ಕೆಟ್ಟಿದೆಯೇ. ಕೊನೆಯ ಪ್ರಶ್ನೆಗೆ ಎಲ್ಲ ಕಪ್ತಾನರೂ ಪೂರ್ತಿ ನಿಜ ಹೇಳುತ್ತಾರೆ ಎಂದು ಪೈಲಟ್ ನಂಬುವುದಿಲ್ಲ. ಕಪ್ತಾನನಿಗೂ ಈ ಅಪರಿಚಿತನ ಮೇಲೆ ಅಷ್ಟೇ ಅಳುಕು. ಹತ್ತು ನಿಮಿಷದ ಪರಿಚಯ, ಕೋಟ್ಯಂತರ ರೂಪಾಯಿಯ ಹಡಗು.

ಹಡಗುಗಳು ನವ ಮಂಗಳೂರು ಬಂದರಿಗೆ ಬರುವ ನೀರಿನ ದಾರಿಯ, ಎಂದರೆ ಚಾನಲ್‌ನ, ಉದ್ದ ಸುಮಾರು 7.5 ಕಿ.ಮೀ., ಅಗಲ ಸುಮಾರು 245 ಮೀಟರ್. ಹಡಗಿನ ಉದ್ದವೇ ಆ ಅಗಲದಷ್ಟಿರಬಹುದು. ಆಳ ಹದಿನೈದು ಮೀಟರಿನ ಆಸುಪಾಸು. ನೀರಿನೊಳಗೆ 14 ಮೀಟರ್‌ವರೆಗೆ ಮುಳುಗಿದ ಹಡಗುಗಳನ್ನು ಈ ಬಂದರು ಒಳಗೆ ಕರೆದುಕೊಳ್ಳುತ್ತದೆ. ಎಂದರೆ ಹಡಗಿನ ಹೊಟ್ಟೆಗೂ ನೆಲಕ್ಕೂ ನಡುವೆ ಉಳಿಯುವುದು ಒಂದು ಆಳೆತ್ತರವೂ ಇಲ್ಲ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಉಬ್ಬರ ಬಂದರೆ ನೀರು ಹತ್ತು ಮೀಟರಿನ ಆಸುಪಾಸು ಏರುತ್ತದೆ. ನಮ್ಮಲ್ಲಿ ಉಬ್ಬರ-ಇಳಿತದ ವ್ಯತ್ಯಾಸ ಒಂದೂವರೆ ಮೀಟರಿನ ಸುತ್ತಮುತ್ತ. ಆ ಒಂದೂವರೆ ಮೀಟರಿಗೂ ಇಲ್ಲಿ ಲೆಕ್ಕವಿದೆ, ತುಂಬಿದ ಹಡಗು ಯಾವ ಗಂಟೆಗೆ ಒಳಗೆ ಬರಬೇಕು ಎಂಬುದನ್ನು ಕೆಲವೊಮ್ಮೆ ಅದೇ ತೀರ್ಮಾನಿಸುತ್ತದೆ.

ಅವಸರ ಮಾಡಿದರೆ ಇನ್ನೊಂದು ತೊಡಕು. ಆಳವಿಲ್ಲದ ನೀರಿನಲ್ಲಿ ಹಡಗು ವೇಗವಾಗಿ ಹೋದಷ್ಟೂ ಅದರ ಹೊಟ್ಟೆಯಡಿಯ ನೀರಿನ ಒತ್ತಡ ಇಳಿದು ಹಡಗೇ ಕೆಳಗೆ ಕುಸಿಯುತ್ತದೆ. ವೇಗ ಇಮ್ಮಡಿಯಾದರೆ ಈ ಕುಸಿತ ನಾಲ್ಕು ಪಟ್ಟು. ಹಾಗೆಂದು ತೀರ ನಿಧಾನಿಸಿದರೆ ಚುಕ್ಕಾಣಿಯ ಮೇಲೆ ಹರಿಯುವ ನೀರು ಸಾಲದೆ ಹಡಗು ಮಾತು ಕೇಳುವುದಿಲ್ಲ, ಗಾಳಿ ತಳ್ಳಿದ ಕಡೆಗೆ ಮೂತಿ ತಿರುಗಿಸುತ್ತದೆ. ಇವೆರಡರ ನಡುವಿನ ಸಣ್ಣ ಅವಕಾಶದಲ್ಲಿ ಪೈಲಟ್ ಹಡಗು ನಡೆಸಬೇಕು. ‘ಡೆಡ್ ಸ್ಲೋ ಅಹೆಡ್’, ‘ಪೋರ್ಟ್ ಟೆನ್’, ‘ಮಿಡ್‌ಶಿಪ್ಸ್’, ‘ಸ್ಟೆಡಿ’ ಎಂಬ ನಾಲ್ಕಾರು ಮಾತು ಬಿಟ್ಟರೆ ಬ್ರಿಡ್ಜಿನಲ್ಲಿ ಹೆಚ್ಚು ಸದ್ದಿರುವುದಿಲ್ಲ. ಚುಕ್ಕಾಣಿಯಲ್ಲಿ ಫಿಲಿಪ್ಪೀನ್ಸ್‌ನವನಿರಲಿ, ಉಕ್ರೇನಿನವನಿರಲಿ, ಕೇರಳದವನಿರಲಿ, ಪೈಲಟ್ ತುಳು ಮಾತಾಡುವ ಮನೆಯಿಂದ ಬಂದಿರಲಿ, ಆ ಮಾತುಗಳು ಮಾತ್ರ ಜಗತ್ತಿನೆಲ್ಲೆಡೆ ಒಂದೇ. ನಾವಿಕ ಮರುನುಡಿಯದಿದ್ದರೆ ಪೈಲಟ್ ಮತ್ತೆ ಹೇಳುತ್ತಾರೆ. ಕೇಳಿಸಿತು ಎಂದು ಊಹಿಸಿಕೊಳ್ಳುವುದು ಈ ಕೆಲಸದಲ್ಲಿ ನಿಷಿದ್ಧ.

ಅಲೆತಡೆಗಳ ನಡುವಿನ ಬಾಯಿಯೇ ಕಠಿಣ ಜಾಗ. ಹಡಗಿನ ಮೂತಿ ಒಳಗಿನ ಶಾಂತ ನೀರಿಗೆ ಬಂದಿರುತ್ತದೆ, ಬಾಲ ಇನ್ನೂ ಹೊರಗಿನ ಅಲೆಯಲ್ಲಿರುತ್ತದೆ. ಅಲೆ ಬಾಲವನ್ನು ದೂಡುತ್ತದೆ, ಮೂತಿ ನಿಂತಲ್ಲೇ ಇರುತ್ತದೆ, ಹಡಗು ಅಡ್ಡ ತಿರುಗಲು ನೋಡುತ್ತದೆ. ಅದು ತಿರುಗುವ ಮೊದಲೇ ತಡೆಯುವ ಆಜ್ಞೆ ಕೊಟ್ಟಿರಬೇಕು, ತಿರುಗಿದ ಮೇಲೆ ಕೊಟ್ಟು ಪ್ರಯೋಜನವಿಲ್ಲ. ಒಳಗೆ ಬಂದ ಮೇಲೆ ಟಗ್‌ಗಳು ಮುಂದೆ-ಹಿಂದೆ ಹಗ್ಗ ಕೊಟ್ಟು ನಿಲ್ಲುತ್ತವೆ. ಬಲಕ್ಕೆ ತಿರುಗುವ ಪ್ರೊಪೆಲ್ಲರ್ ಇರುವ ಹಡಗನ್ನು ಹಿಮ್ಮುಖ ಮಾಡಿದರೆ ಅದರ ಮೂತಿ ಬಲಕ್ಕೆ ಸರಿಯುತ್ತದೆ. ಹಡಗಿನ ಈ ಹಟವನ್ನೂ ಪಳಗಿದ ಪೈಲಟ್ ದಡ ಸೇರಿಸುವುದಕ್ಕೆ ಬಳಸಿಕೊಳ್ಳುತ್ತಾರೆ. ಕೊನೆಗೆ ಬರ್ತಿನ ರಬ್ಬರ್ ಫೆಂಡರಿಗೆ ಹಡಗು ಒರಗಬೇಕು, ಗುದ್ದಬಾರದು. ಲಕ್ಷ ಟನ್ನಿನ ಉಕ್ಕು ಸೆಕೆಂಡಿಗೆ ಕೆಲವೇ ಅಂಗುಲದಂತೆ ಸರಿಯುತ್ತ ಬಂದು ನಿಂತಾಗ ಬ್ರಿಡ್ಜಿನಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಪೈಲಟ್ ಕಾಗದಕ್ಕೆ ಸಹಿ ಹಾಕಿಸಿಕೊಂಡು ಇಳಿದು ಹೋಗುತ್ತಾರೆ. ಚೆನ್ನಾಗಿ ಆದ ಕೆಲಸ ಸುದ್ದಿಯಾಗುವುದಿಲ್ಲ.

ತಪ್ಪು ಯಾರದು

ಸುದ್ದಿಯಾಗುವುದು ಕೆಟ್ಟಾಗ. 2021ರ ಮಾರ್ಚ್ 23ರಂದು 400 ಮೀಟರ್ ಉದ್ದದ ‘ಎವರ್ ಗಿವನ್’ ಹಡಗು ಸುಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡು ಆರು ದಿನ ಜಗತ್ತಿನ ವ್ಯಾಪಾರವನ್ನು ತಡೆದಾಗ ಬ್ರಿಡ್ಜಿನಲ್ಲಿ ಕಾಲುವೆಯ ಇಬ್ಬರು ಪೈಲಟ್‌ಗಳಿದ್ದರು. ಹಡಗಿನ 25 ಸಿಬ್ಬಂದಿಯೂ ಭಾರತೀಯರು. ಕಾಲುವೆ ಪ್ರಾಧಿಕಾರ ಬೊಟ್ಟು ಮಾಡಿದ್ದು ಕಪ್ತಾನನ ಕಡೆಗೆ.

ಇದು ಈ ವೃತ್ತಿಯ ಹಳೆಯ ವಿಚಿತ್ರ. ಹಡಗಿನ ದಿನಚರಿ ಪುಸ್ತಕದಲ್ಲಿ ‘ಕಪ್ತಾನನ ಆಜ್ಞೆ, ಪೈಲಟ್ ಸಲಹೆ’ ಎಂದೇ ಬರೆಯುವುದು ರೂಢಿ. ಪೈಲಟ್ ಕೊಡುವುದು ಸಲಹೆಯಂತೆ! ಆ ಸಲಹೆಯನ್ನು ಚುಕ್ಕಾಣಿಯವನು ಮರುಕ್ಷಣವೇ ಪಾಲಿಸುತ್ತಾನೆ, ಕಪ್ತಾನ ಬೇಡವೆಂದರೆ ಮಾತ್ರ ನಿಲ್ಲುತ್ತದೆ. ನಮ್ಮ 1908ರ ಭಾರತೀಯ ಬಂದರು ಕಾಯ್ದೆ 200 ಟನ್ ಮತ್ತು ಅದಕ್ಕಿಂತ ದೊಡ್ಡ ಹಡಗುಗಳು ಗೊತ್ತುಪಡಿಸಿದ ಬಂದರುಗಳಲ್ಲಿ ಪೈಲಟ್ ಇಲ್ಲದೆ ಕದಲಬಾರದು ಎಂದಿತ್ತು. ಆದರೂ ಅನಾಹುತವಾದರೆ ಹೊಣೆ ಹಡಗಿನ ಮಾಲೀಕ ಅಥವಾ ಕಪ್ತಾನನದು ಎಂದೂ ಅದೇ ಕಾಯ್ದೆ ಹೇಳಿತ್ತು. ಅದರ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂದಿದೆ. ಕಡ್ಡಾಯವಾಗಿ ಒಬ್ಬರನ್ನು ಕರೆಸಿಕೋ, ಅವರ ಮಾತು ಕೇಳು, ಎಡವಿದರೆ ನೀನೇ ಅನುಭವಿಸು ಎಂಬ ಈ ವ್ಯವಸ್ಥೆ ಕಪ್ತಾನನಿಗೆ ಅನ್ಯಾಯವೆಂದು ತೋರುತ್ತದೆ. ನನಗೂ ಹಾಗೇ ಕಂಡಿತ್ತು. ಆದರೆ ಇನ್ನೊಂದು ಕಡೆಯಿಂದ ನೋಡಿ: ಹೊಣೆಯೆಲ್ಲ ಪೈಲಟ್‌ನ ಮೇಲೆ ಹೋದರೆ ಕಪ್ತಾನ ಕುರ್ಚಿಗೆ ಒರಗಿಬಿಡುತ್ತಾನೆ. ಹೊಣೆ ತನ್ನದೇ ಎಂದು ಗೊತ್ತಿದ್ದವನು ಪೈಲಟ್‌ನ ಪ್ರತಿ ಮಾತನ್ನೂ ಕಿವಿಗೊಟ್ಟು ಕೇಳುತ್ತಾನೆ. ಎರಡು ಜೊತೆ ಕಣ್ಣು ಎಚ್ಚರವಾಗಿರಲಿ ಎಂಬುದೇ ಈ ಕಾನೂನಿನ ಒಳಗುಟ್ಟು ಎನಿಸುತ್ತದೆ.

ಪೈಲಟ್ ಎಂಬವರು ಯಾತಕ್ಕೆ ಬೇಕು ಎಂಬುದಕ್ಕೆ 2024ರ ಮಾರ್ಚ್ 26ರ ರಾತ್ರಿ ಸಾಕ್ಷಿ. ಅಮೆರಿಕದ ಬಾಲ್ಟಿಮೋರ್ ಬಂದರಿನಿಂದ ಹೊರಟ ‘ಡಾಲಿ’ ಎಂಬ ಕಂಟೇನರ್ ಹಡಗು ಅಲ್ಲಿನ ರಸ್ತೆ ಸೇತುವೆಯೊಂದರ ಹತ್ತಿರ ಬಂದಾಗ ಅದರ ವಿದ್ಯುತ್ ಹೋಯಿತು, ಬಂತು, ಮತ್ತೆ ಹೋಯಿತು. ಸಡಿಲವಾಗಿದ್ದ ಒಂದೇ ಒಂದು ತಂತಿ ಇದಕ್ಕೆ ಮೂಲ ಎಂದು ಆಮೇಲಿನ ತನಿಖೆ ಹೇಳಿತು. ಎಂಜಿನ್ ಇಲ್ಲದ ಹಡಗಿನಲ್ಲಿ ಪೈಲಟ್ ಮಾಡಬಹುದಾದದ್ದು ಬಹಳ ಕಡಿಮೆ. ಲಂಗರು ಬಿಡಿಸಿದರು, ಟಗ್ ಕರೆದರು, ಜೊತೆಗೆ ಸೇತುವೆಯ ಮೇಲೆ ವಾಹನ ನಿಲ್ಲಿಸಿ ಎಂದು ರೇಡಿಯೋದಲ್ಲಿ ಹೇಳಿದರು. ಪೊಲೀಸರಿಗೆ ಸಿಕ್ಕಿದ್ದು ಒಂದೆರಡು ನಿಮಿಷ. ಅಷ್ಟರಲ್ಲಿ ಎರಡೂ ಕಡೆಯ ಸಂಚಾರ ನಿಂತಿತು. ಸೇತುವೆ ಬಿತ್ತು. ರಸ್ತೆ ದುರಸ್ತಿಯಲ್ಲಿದ್ದ ಆರು ಕಾರ್ಮಿಕರು ತೀರಿಕೊಂಡರು. ವಾಹನಗಳು ಓಡುತ್ತಿದ್ದರೆ ಸಾವು ಎಷ್ಟಾಗುತ್ತಿತ್ತೋ. ಯಾವ ನಂಬರಿಗೆ, ಯಾರಿಗೆ, ಯಾವ ಮಾತಿನಲ್ಲಿ ಹೇಳಿದರೆ ಸೇತುವೆ ಬೇಗ ಖಾಲಿಯಾಗುತ್ತದೆ ಎಂಬುದು ಹೊರಗಿನಿಂದ ಬಂದ ಕಪ್ತಾನನಿಗೆ ಹೊಳೆಯುವ ಮಾತಲ್ಲ. ಆ ಹಡಗಿನ 21 ಸಿಬ್ಬಂದಿಯಲ್ಲಿ 20 ಮಂದಿ ನಮ್ಮ ದೇಶದವರು, ತಿಂಗಳುಗಟ್ಟಲೆ ಅವರು ಹಡಗಿನಲ್ಲೇ ಉಳಿಯಬೇಕಾಯಿತು.

ದಡದಲ್ಲೇ ಕುಳಿತು ಪರದೆ ನೋಡುತ್ತ ಹಡಗು ನಡೆಸುವ ಪ್ರಯೋಗಗಳು ಯುರೋಪಿನಲ್ಲಿ ನಡೆದಿವೆ. ಈಗಿನ ಪೈಲಟ್‌ಗಳ ಚೀಲದಲ್ಲೂ ಹಡಗಿನ ಜಾಗವನ್ನು ಕರಾರುವಾಕ್ಕಾಗಿ ತೋರಿಸುವ ಟ್ಯಾಬ್ಲೆಟ್ ಇರುತ್ತದೆ. ಇರಲಿ. ನನಗಂತೂ ಬಾಲ್ಟಿಮೋರಿನ ಆ ಒಂದೆರಡು ನಿಮಿಷ ಮರೆತು ಈ ಪ್ರಯೋಗಗಳನ್ನು ಹೊಗಳುವ ಮನಸ್ಸಾಗುವುದಿಲ್ಲ.

ಕುದುರೆ ಸವಾರ ನೌಕಾಪತಿಯಾದದ್ದು

ಕಲಾಸಿಪಾಳ್ಯ ಬಸ್ ನಿಲ್ದಾಣದಿಂದ ನಡೆದುಹೋಗುವಷ್ಟು ಹತ್ತಿರದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆಯಿದೆ. ಹೈದರಾಲಿ ಕಟ್ಟಿಸತೊಡಗಿದ್ದನ್ನು ಟಿಪ್ಪು 1791ರಲ್ಲಿ ಮುಗಿಸಿದ. ತೇಗದ ಕಂಬಗಳ ಆ ಮೊಗಸಾಲೆಯಲ್ಲಿ ನಿಂತರೆ ಕಡಲು ನೆನಪಾಗುವ ಕಾರಣ ಮೇಲ್ನೋಟಕ್ಕೆ ಏನೂ ಇಲ್ಲ. ಆದರೆ ಈ ತಂದೆ-ಮಕ್ಕಳಿಬ್ಬರೂ ಒಳನಾಡಿನಲ್ಲಿದ್ದುಕೊಂಡೇ ಕಡಲಿಗೆ ಆಸೆಪಟ್ಟವರು. 1760ರ ದಶಕದಲ್ಲಿ ಹೈದರ್ ಪಶ್ಚಿಮ ಕರಾವಳಿಯಲ್ಲಿ ನೌಕಾಪಡೆ ಕಟ್ಟಿದ. ಅದರ ಮೇಲಧಿಕಾರಕ್ಕೆ ಕುದುರೆಪಡೆಯ ಲುತ್ಫ್ ಅಲಿ ಬೇಗ್ ಎಂಬವನನ್ನು ತಂದು ಕೂರಿಸಿದ. ನೀರಿನ ಮೇಲೆ ಬಾಳಿದವರಿಗೆ ಇದು ಹೇಗೆ ರುಚಿಸೀತು? ಇಂಗ್ಲಿಷರ ಜೊತೆಗಿನ ಮೊದಲ ಯುದ್ಧದ ಹೊತ್ತಿಗೆ, 1768ರಲ್ಲಿ, ಮುನಿಸಿಕೊಂಡ ಹಡಗಿನ ಅಧಿಕಾರಿಗಳು ಹಡಗುಗಳ ಸಮೇತ ಇಂಗ್ಲಿಷರ ಕಡೆಗೆ ಹೋದರು. 1796ರಲ್ಲಿ ಟಿಪ್ಪು ದೊಡ್ಡದೂ ಸಣ್ಣದೂ ಸೇರಿ ನಲವತ್ತು ಯುದ್ಧನೌಕೆಗಳನ್ನು ಕಟ್ಟಿಸಲು ಅಪ್ಪಣೆ ಕೊಟ್ಟ. ಮಂಗಳೂರು ಸೇರಿ ಕರಾವಳಿಯಲ್ಲಿ ಹಡಗುಕಟ್ಟೆಗಳು ನಿಗದಿಯಾದವು. ಮೂರು ವರ್ಷದಲ್ಲಿ ಶ್ರೀರಂಗಪಟ್ಟಣವೇ ಬಿತ್ತು.

ಕಡಲನ್ನು ನಿಜವಾಗಿ ಬಲ್ಲವರು ಆಗಲೂ ಕರಾವಳಿಯಲ್ಲೇ ಇದ್ದರು. ಮಂಜಿ ಎಂಬ ಹಾಯಿದೋಣಿಗಳ ಮೇಲೆ ಅವುಗಳ ನಾಯಕ ತಂಡೇಲನ ಮಾತೇ ಕೊನೆಯದು. ಅಳಿವೆಯ ಬಾಯಲ್ಲಿ ಮರಳದಿಬ್ಬ ಈ ವರ್ಷ ಯಾವ ಕಡೆ ಸರಿದಿದೆ ಎಂಬುದು ಅವನಿಗೆ ಅಲೆ ಒಡೆಯುವ ರೀತಿಯಿಂದಲೇ ತಿಳಿಯುತ್ತಿತ್ತು. ಈಗಲೂ ಮಲ್ಪೆ, ಮಂಗಳೂರಿನ ದಕ್ಕೆಯಲ್ಲಿ ಮೀನುಗಾರಿಕಾ ದೋಣಿ ನಡೆಸುವವನನ್ನು ತಂಡೇಲ ಎಂದೇ ಕರೆಯುತ್ತಾರೆ. ವಾಸ್ಕೋ ಡ ಗಾಮಾ ಕಲ್ಲಿಕೋಟೆ ಮುಟ್ಟಿದ ಎಂದು ನಾವು ಶಾಲೆಯಲ್ಲಿ ಓದುತ್ತೇವೆ. 1498ರಲ್ಲಿ ಆಫ್ರಿಕಾದ ಮಾಲಿಂದಿಯಲ್ಲಿ ಒಬ್ಬ ಪೈಲಟ್ ಸಿಗದೇ ಇದ್ದಿದ್ದರೆ ಆತ ಅರಬ್ಬಿ ಸಮುದ್ರವನ್ನು ಅಷ್ಟು ಸಲೀಸಾಗಿ ದಾಟುತ್ತಿರಲಿಲ್ಲ. ಗಾಮಾನ ಹೆಸರು ಊರು-ರಸ್ತೆಗಳಿಗೆ ಬಂತು. ದಾರಿ ತೋರಿದವನು ಯಾರೆಂಬುದು ಇಂದಿಗೂ ವಿದ್ವಾಂಸರ ಜಗಳದ ವಿಷಯ.

ಹಳೆಯ ಮಂಗಳೂರು ಬಂದರು ನೇತ್ರಾವತಿ-ಗುರುಪುರ ನದಿಗಳ ಅಳಿವೆಯಲ್ಲಿದೆ, ಲಕ್ಷದ್ವೀಪಕ್ಕೆ ಸರಕು ಹೋಗುವುದು ಈಗಲೂ ಅಲ್ಲಿಂದ. ದೊಡ್ಡ ಹಡಗುಗಳಿಗೆ ಆ ಮರಳದಿಬ್ಬ ದಾಟಲಾಗದು. ಅವು ದೂರದಲ್ಲೇ ಲಂಗರು ಹಾಕಿ ಸಣ್ಣ ದೋಣಿಗಳಿಗೆ ಸರಕು ಇಳಿಸಬೇಕಿತ್ತು. ದಕ್ಷಿಣ ಕನ್ನಡದ ಸಂಸದರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರು ಹಟ ಹಿಡಿದು ದೆಹಲಿಯಲ್ಲಿ ಓಡಾಡಿದ್ದರಿಂದ 1962ರಲ್ಲಿ ಪಣಂಬೂರಿನಲ್ಲಿ ಕೆಲಸ ಶುರುವಾಯಿತು. ಅಲ್ಲಿ ಕೊಲ್ಲಿ ಇರಲಿಲ್ಲ, ದಡದ ನೆಲವನ್ನೇ ಅಗೆದು ಕಡಲನ್ನು ಒಳಗೆ ಕರೆತಂದರು. ಹಳೆಯ ಪಣಂಬೂರಿನ ಒಕ್ಕಲು ಕಾಟಿಪಳ್ಳ, ಕೃಷ್ಣಾಪುರದ ಕಡೆಗೆ ಎದ್ದು ಹೋಯಿತು. ಬಂದರಿನ ಮಾತು ಬಂದಾಗ ಆ ಮನೆಗಳ ಲೆಕ್ಕವನ್ನು ಬಿಟ್ಟುಬಿಡುವುದು ನಮಗೆ ಅಭ್ಯಾಸವಾಗಿದೆ. ಮಲ್ಯರು 1965ರಲ್ಲೇ ತೀರಿಕೊಂಡರು. ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು 1974ರ ಮೇ 4ರಂದು ಘೋಷಣೆಯಾಯಿತು, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಮುಂದೆ ಕುದುರೆಮುಖದ ಅದಿರು ಕೊಳವೆಯಲ್ಲಿ ಹರಿದು ಬಂದು ಇಲ್ಲಿಂದ ಹಡಗು ಹತ್ತಿತು. 2005ರ ಕೊನೆಗೆ ಗಣಿ ನಿಂತಾಗ ಬಂದರು ತೈಲ, ಅನಿಲ, ಕಲ್ಲಿದ್ದಲನ್ನು ನೆಚ್ಚಿಕೊಂಡಿತು.

ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಕರಾವಳಿ ಇರುವ ರಾಜ್ಯಕ್ಕೆ ಇದೊಂದೇ ಪ್ರಮುಖ ಬಂದರು. ಈ ಕಡಲು ಸಾಧು ಅಲ್ಲ. 2006ರ ಮೇ 30ರಂದು ‘ಓಷನ್ ಸೆರಾಯಾ’ ಹಡಗು ಕಾರವಾರದ ಹತ್ತಿರ ಬಂಡೆಗೆ ಬಡಿದು ಒಡೆಯಿತು, ಅದರ ಎಣ್ಣೆ ಕಾರವಾರದ ಮರಳಿಗೆ ಮೆತ್ತಿಕೊಂಡಿತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತಕ್ಕೆ ಸಿಕ್ಕ ‘ಕೋರಮಂಡಲ್ ಸಪೋರ್ಟರ್’ ಟಗ್ ಮೂಲ್ಕಿ ಬಳಿಯ ಬಂಡೆಗಳ ನಡುವೆ ಸಿಲುಕಿತು. ಅದರಲ್ಲಿದ್ದ ಒಂಬತ್ತೂ ಮಂದಿಯನ್ನು ಕರಾವಳಿ ರಕ್ಷಣಾ ಪಡೆ, ನೌಕಾಪಡೆಯವರು ಉಳಿಸಿದರು. ಮಗುಚಿದ ಇನ್ನೊಂದು ಟಗ್‌ನ ಎಲ್ಲರೂ ಬದುಕಲಿಲ್ಲ. 2022ರ ಜೂನಿನಲ್ಲಿ ಸಿರಿಯಾದ ನಾವಿಕರಿದ್ದ ‘ಪ್ರಿನ್ಸೆಸ್ ಮಿರಾಲ್’ ಉಳ್ಳಾಲದ ಎದುರು ನೆಲ ಕಚ್ಚಿತು, ಹದಿನೈದೂ ಜನ ಪಾರಾದರು. ಅಲ್ಲಿನ ಬಟ್ಟಪ್ಪಾಡಿ ಕಡಲತಡಿಗೆ ಹೋದವರು ಅದರ ಮೈಯನ್ನು ಬಹಳ ಕಾಲ ನೋಡಿದ್ದಾರೆ.

ಈ ಕೆಲಸಕ್ಕೆ ಬರುವುದು ಹೇಗೆ ಎಂದು ಕೇಳುವ ಮಕ್ಕಳು ಬೆಂಗಳೂರಿನಲ್ಲಿ ಇದ್ದೇ ಇರುತ್ತಾರೆ. ನೇರವಾಗಿ ಬಂದರಿನ ಪೈಲಟ್ ಆಗಲು ಬರುವುದಿಲ್ಲ. ಮೊದಲು ಕಡಲಿಗೆ ಹೋಗಬೇಕು. ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದಲ್ಲಿ ಸರಾಸರಿ 60 ಅಂಕ, ಇಂಗ್ಲಿಷಿನಲ್ಲಿ 50, ಕನ್ನಡಕವಿಲ್ಲದ ಕಣ್ಣು, ಬಣ್ಣಗುರುಡು ಇರಕೂಡದು. ಚೆನ್ನೈನಲ್ಲಿ ಕೇಂದ್ರ ಕಚೇರಿ ಇರುವ ಭಾರತೀಯ ಸಾಗರ ವಿಶ್ವವಿದ್ಯಾಲಯ ಪ್ರತಿವರ್ಷ ಪ್ರವೇಶ ಪರೀಕ್ಷೆ ನಡೆಸುತ್ತದೆ. ಓದು, ಕೆಡೆಟ್ ಆಗಿ ಸಮುದ್ರವಾಸ, ಸೆಕೆಂಡ್ ಮೇಟ್, ಚೀಫ್ ಮೇಟ್, ಆಮೇಲೆ ಕಪ್ತಾನಗಿರಿಯ ಪ್ರಮಾಣಪತ್ರ. ಕಡಿಮೆಯೆಂದರೂ ಎಂಟು-ಹತ್ತು ವರ್ಷ. ಅಷ್ಟಾದ ಮೇಲೆ ಬಂದರು ಸೇರಿ, ಹಿರಿಯ ಪೈಲಟ್‌ಗಳ ಪಕ್ಕದಲ್ಲಿ ನಿಂತು ಹಡಗಿನ ಮೇಲೆ ಹಡಗು ತಂದು ಕಲಿತು, ಸಣ್ಣ ಹಡಗಿನಿಂದ ದೊಡ್ಡದಕ್ಕೆ ಪರವಾನಗಿ ಏರಿಸಿಕೊಳ್ಳಬೇಕು. ಸಂಬಳ ಚೆನ್ನಾಗಿದೆ, ರಾತ್ರಿ ಪಾಳಿ ತಪ್ಪದು. ಹಡಗಿನಲ್ಲಿ ನಾಲ್ಕಾರು ತಿಂಗಳು ಮನೆ ಬಿಟ್ಟಿರುವ ಕಪ್ತಾನರು ಪೈಲಟ್ ಕೆಲಸಕ್ಕೆ ಆಸೆಪಡುವುದು ಮನೆಯೂಟಕ್ಕಾಗಿ ಎಂದರೂ ತಪ್ಪಿಲ್ಲ.

ಹೆಣ್ಣುಮಕ್ಕಳಿಗೆ ಈ ದಾರಿ ಮುಚ್ಚಿದೆ ಎಂಬ ಮಾತು ಹಳೆಯದಾಯಿತು. ಕೇರಳದ ರಾಧಿಕಾ ಮೆನನ್ ನಮ್ಮ ವ್ಯಾಪಾರಿ ಹಡಗುಗಳ ಮೊದಲ ಮಹಿಳಾ ಕಪ್ತಾನ. ಬಂಗಾಳಕೊಲ್ಲಿಯ ಬಿರುಗಾಳಿಯಲ್ಲಿ ಏಳು ಮೀನುಗಾರರನ್ನು ಉಳಿಸಿದ್ದಕ್ಕೆ 2016ರಲ್ಲಿ ಅಂತಾರಾಷ್ಟ್ರೀಯ ಸಾಗರ ಸಂಸ್ಥೆಯ ಶೌರ್ಯ ಪ್ರಶಸ್ತಿ ಪಡೆದರು. ಚೆನ್ನೈನ ರೇಷ್ಮಾ ನಿಲೋಫರ್ ನಾಹಾ 2018ರಲ್ಲಿ ಕೊಲ್ಕತ್ತದ ಹೂಗ್ಲಿ ನದಿಯ ಪೈಲಟ್ ಆದರು. ಪಣಂಬೂರಿನ ಏಳೂವರೆ ಕಿಲೋಮೀಟರ್ ಎಲ್ಲಿ, ಮರಳದಿಬ್ಬಗಳು ಸದಾ ಜಾಗ ಬದಲಿಸುವ ಹೂಗ್ಲಿಯ ಇನ್ನೂರು ಕಿಲೋಮೀಟರ್ ಎಲ್ಲಿ!

ಕೊನೆಗೆ ತಂದೆತಾಯಂದಿರಿಗೆ ಒಂದು ಮಾತು. ‘ಮರ್ಚೆಂಟ್ ನೇವಿಗೆ ಸೇರಿಸ್ತೀವಿ’ ಎಂದು ಲಕ್ಷಗಟ್ಟಲೆ ಕೇಳುವ ಏಜೆಂಟರು ಎಲ್ಲ ಊರಲ್ಲೂ ಇದ್ದಾರೆ. ಕಾಲೇಜು ಮಾನ್ಯತೆ ಪಡೆದಿದೆಯೇ, ಹಡಗಿಗೆ ಕಳುಹಿಸುವ ಸಂಸ್ಥೆಗೆ ಪರವಾನಗಿ ಸಂಖ್ಯೆ ಇದೆಯೇ ಎಂಬುದನ್ನು ನೌಕಾಯಾನ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಹಡಗಿನಲ್ಲಿ ಕೆಲಸ ಕೊಡಿಸುವುದಕ್ಕೆ ನಾವಿಕನಿಂದ ಹಣ ಪಡೆಯುವುದು ಕಾನೂನಿಗೆ ವಿರುದ್ಧ. ಕೇಳಿದರೆ ಅಲ್ಲಿಂದ ಎದ್ದು ಬನ್ನಿ.